ತುಟಿ ಯಾಕೆ ಒಡೆಯುತ್ತದೆ? ಚರ್ಮದ ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ ತುಟಿ. ಮೈಸೂರಿನಲ್ಲಿ ಕ್ಲಿನಿಕ್ ನಡೆಸುವ ಚರ್ಮದ ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ಪ್ರಶ್ನೆ ಕೇಳುವವರು ಊರಿನ ಹೆಸರು ಹಾಕಿದರೆ ಸಾಕು.

ಕುವೆಂಪುನಗರದಿಂದ: ಮೇಡಂ, ಮಗಳಿಗೆ 7 ವರ್ಷ. ಡಿಸೆಂಬರ್ ಚಳಿ ಶುರುವಾದರೆ ಸಾಕು, ತುಟಿ ಸುತ್ತ ಉಂಗುರದ ಥರ ಕೆಂಪಾಗುತ್ತದೆ. ಉರಿ ಅಂತ ಅಳುತ್ತಾಳೆ. ಬೆಣ್ಣೆ ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಒಣಗುತ್ತದೆ. ನೀರು ಕಡಿಮೆ ಕುಡಿಯುತ್ತಾಳೆ, ಅದಕ್ಕೇ ಹೀಗಾ?

ಡಾಕ್ಟರ್: ನೀವು ಉಂಗುರ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಆ ಕೆಂಪು ಎಲ್ಲಿಯವರೆಗೆ ಇದೆ ಅಂತ ಹತ್ತಿರದಿಂದ ನೋಡಿ. ಅವಳ ನಾಲಿಗೆ ಎಟುಕುವ ಜಾಗಕ್ಕೆ ಸರಿಯಾಗಿ ನಿಂತಿರುತ್ತದೆ. ಮಗು ತುಟಿ ನೆಕ್ಕುತ್ತಿದೆ. ಟಿವಿ ನೋಡುವಾಗ, ಹೋಂವರ್ಕ್ ಮಾಡುವಾಗ ಗಮನಿಸಿ, ಗೊತ್ತಾಗುತ್ತದೆ.

ನಮ್ಮ ಕೆನ್ನೆ, ಹಣೆಯ ಚರ್ಮದಲ್ಲಿ ಎಣ್ಣೆ ಗ್ರಂಥಿ, ಬೆವರು ಗ್ರಂಥಿ ಎರಡೂ ಇವೆ. ಅವು ಚರ್ಮದ ಮೇಲೆ ತೆಳ್ಳಗೆ ಜಿಡ್ಡು ಇಡುತ್ತವೆ. ತುಟಿಯ ಕೆಂಪು ಭಾಗಕ್ಕೆ ಆ ಭಾಗ್ಯ ಇಲ್ಲ. ಅಲ್ಲಿ ಕೂದಲಿಲ್ಲ, ಬೆವರಿಲ್ಲ, ಸಾಮಾನ್ಯವಾಗಿ ಎಣ್ಣೆ ಗ್ರಂಥಿಯೂ ಇಲ್ಲ. ಮೇಲಿನ ಪದರ ಬಹಳ ತೆಳು. ಕೆಳಗಿರುವ ಸಣ್ಣ ರಕ್ತನಾಳಗಳ ಬಣ್ಣ ಹೊರಗೆ ಕಾಣುವುದರಿಂದಲೇ ತುಟಿ ಕೆಂಪಗಿರುವುದು. ಇಷ್ಟು ತೆಳುವಾದ ಪದರದಿಂದ ಒಳಗಿನ ತೇವ ಬೇಗ ಹಾರಿಹೋಗುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಒಣಗಾಳಿಗೆ ಇನ್ನೂ ಬೇಗ.

ಒಣಗಿದ ತುಟಿಗೆ ಎಂಜಲು ತಾಗಿದರೆ ಒಂದು ಕ್ಷಣ ಹಿತ. ಆಮೇಲೆ ಎಂಜಲು ಆರುತ್ತದೆ, ತುಟಿ ಮೊದಲಿಗಿಂತ ಜಾಸ್ತಿ ಒಣಗುತ್ತದೆ. ಎಂಜಲು ಬರೀ ನೀರಲ್ಲ, ಅನ್ನ ಅರಗಿಸುವ ರಸ ಅದರಲ್ಲಿದೆ. ಒಡೆದ ಚರ್ಮಕ್ಕೆ ಅದು ಉರಿ. ಉರಿ ಅಂತ ಮಗು ಮತ್ತೆ ನೆಕ್ಕುತ್ತದೆ.

ಮಾಡಬೇಕಾದ್ದು ಇಷ್ಟು. ಬಣ್ಣ, ಪರಿಮಳ ಇಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿ ತಂದು ತುಟಿಗೂ ಆ ಉಂಗುರಕ್ಕೂ ದಪ್ಪಗೆ ಹಚ್ಚಿ. ಊಟಕ್ಕೆ ಮುಂಚೆ, ಊಟ ಆದಮೇಲೆ, ಮಲಗುವಾಗ. ಸ್ಟ್ರಾಬೆರಿ ರುಚಿಯ ಬಾಮ್ ಮಕ್ಕಳಿಗೆ ಕೊಡಲೇಬೇಡಿ, ಸಿಹಿ ಅಂತ ಇನ್ನೂ ನೆಕ್ಕುತ್ತಾರೆ. ಬೆಣ್ಣೆಯದೂ ಅದೇ ಕಥೆ. ನೀರು ಕುಡಿಯುವುದು ಒಳ್ಳೆಯದೇ, ಆದರೆ ಎಷ್ಟು ಕುಡಿಸಿದರೂ ನೆಕ್ಕುವುದು ನಿಲ್ಲದೆ ಇದು ವಾಸಿಯಾಗುವುದಿಲ್ಲ. ಬೈಯಬೇಡಿ, ಬೈದರೆ ಮಕ್ಕಳು ಕದ್ದು ನೆಕ್ಕುತ್ತಾರೆ. ನೆಕ್ಕಬೇಕು ಅನಿಸಿದಾಗ ಜೆಲ್ಲಿ ಹಚ್ಚಿಕೋ ಅಂತ ಚಿಕ್ಕ ಡಬ್ಬಿ ಕೈಗೆ ಕೊಡಿ.

ಒಂದು ಕಿವಿಮಾತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ಇರುವ ಮುಲಾಮು ತಂದು ಹಚ್ಚಬೇಡಿ. ಎರಡು ದಿನ ಚೆನ್ನಾಗಿ ಕಾಣುತ್ತದೆ. ಹಾಗೇ ಹಚ್ಚುತ್ತಾ ಹೋದರೆ ಬಾಯಿ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅದನ್ನು ಬಿಡಿಸುವುದು ತುಟಿ ಒಡೆದಿದ್ದಕ್ಕಿಂತ ಕಷ್ಟ.

ಕೆ.ಆರ್. ಪೇಟೆಯಿಂದ: ನಮ್ಮ ಅತ್ತೆ ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟರೆ ತುಟಿ ಒಡೆಯಲ್ಲ ಅಂತಾರೆ. ನಿಜವಾ ಮೇಡಂ?

ಡಾಕ್ಟರ್: ಹೊಕ್ಕುಳಿಂದ ತುಟಿಗೆ ಯಾವ ದಾರಿಯೂ ಇಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ರಕ್ತ ತರುತ್ತಿದ್ದ ನಾಳಗಳು ಹುಟ್ಟಿದ ಮೇಲೆ ಮುಚ್ಚಿಹೋಗುತ್ತವೆ. ಅತ್ತೆಯವರ ಸಮಾಧಾನಕ್ಕೆ ಹಚ್ಚಿಕೊಂಡರೆ ತೊಂದರೆ ಏನಿಲ್ಲ. ತುಟಿಗೆ ಬೇಕಾದ್ದನ್ನು ತುಟಿಗೇ ಹಚ್ಚಿ.

ಮಂಡ್ಯದಿಂದ: ಸರಿಯಾದ ಜಾಗದಲ್ಲಿ ಕೇಳ್ತಿದ್ದೀನೋ ಇಲ್ವೋ ಗೊತ್ತಿಲ್ಲ. ಇಂಜಿನಿಯರಿಂಗ್ ಓದ್ತಿದ್ದೀನಿ. ಮೇಲ್ದುಟಿಯಲ್ಲಿ ರವೆ ಕಾಳಿನಷ್ಟು ಸಣ್ಣ, ತೆಳು ಹಳದಿ ಚುಕ್ಕೆಗಳಿವೆ. ತುಟಿ ಎಳೆದರೆ ಚೆನ್ನಾಗಿ ಕಾಣುತ್ತವೆ. ನೋವಿಲ್ಲ, ತುರಿಕೆ ಇಲ್ಲ. ಏನಾದರೂ ಕೆಟ್ಟ ಕಾಯಿಲೆನಾ? ಯಾರಿಗೂ ಹೇಳಿಲ್ಲ.

ಡಾಕ್ಟರ್: ಸರಿಯಾದ ಜಾಗದಲ್ಲೇ ಕೇಳಿದ್ದೀರಿ. ತುಟಿಯಲ್ಲಿ ಸಾಮಾನ್ಯವಾಗಿ ಎಣ್ಣೆ ಗ್ರಂಥಿ ಇಲ್ಲ ಅಂದೆನಲ್ಲ, ತುಂಬಾ ಜನರಿಗೆ ಕೆಲವು ಅಲ್ಲೂ ಇರುತ್ತವೆ. ವಯಸ್ಸಿಗೆ ಬಂದ ಮೇಲೆ ಎದ್ದು ಕಾಣುತ್ತವೆ. ಫೋರ್ಡೈಸ್ ಚುಕ್ಕೆ ಅಂತಾರೆ. ನೀವು ಹೇಳಿದ ಲಕ್ಷಣ ಅದಕ್ಕೇ ಹೊಂದುತ್ತದೆ. ಅಂಟುರೋಗ ಅಲ್ಲ, ಲೈಂಗಿಕ ಕಾಯಿಲೆ ಅಲ್ಲ, ಔಷಧಿ ಬೇಡ. ಹಿಸುಕಬೇಡಿ. ಧೈರ್ಯಕ್ಕೆ ಬೇಕಾದರೆ ಒಂದು ಸಲ ಡಾಕ್ಟರ್‌ಗೆ ತೋರಿಸಿ, ನೋಡಿದ ಕೂಡಲೇ ಹೇಳುತ್ತಾರೆ.

ಸರಸ್ವತಿಪುರಂನಿಂದ: ನನಗೆ ಚಳಿಗಾಲ ಅಂತಲ್ಲ, ವರ್ಷಪೂರ್ತಿ ತುಟಿಯಿಂದ ಸಿಪ್ಪೆ ಏಳುತ್ತದೆ. ಲಿಪ್ ಬಾಮ್ ಬದಲಾಯಿಸಿ ಬದಲಾಯಿಸಿ ಸಾಕಾಯಿತು. ನೆಕ್ಕುವ ಅಭ್ಯಾಸ ಇಲ್ಲ.

ಡಾಕ್ಟರ್: ಮೊಡವೆಗೆ ಮಾತ್ರೆ ತಗೋತಿದ್ದೀರಾ? ಐಸೊಟ್ರೆಟಿನಾಯಿನ್ ಅನ್ನುವ ಮಾತ್ರೆ ತಗೊಂಡವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ತುಟಿ ಒಣಗುತ್ತದೆ.

ಸರಸ್ವತಿಪುರಂನಿಂದ: ಇಲ್ಲ ಮೇಡಂ, ಯಾವ ಮಾತ್ರೆಯೂ ಇಲ್ಲ. ಬಾಮ್ ಹಚ್ಚಿದಾಗ ತಣ್ಣಗೆ ಚುರುಗುಟ್ಟುತ್ತದೆ, ಕೆಲಸ ಮಾಡ್ತಿದೆ ಅಂದುಕೊಂಡಿದ್ದೆ.

ಡಾಕ್ಟರ್: ಆ ಚುರುಕು ಮೆಂತಾಲ್ ಅಥವಾ ಕರ್ಪೂರದ್ದು. ಒಡೆದ ತುಟಿಯನ್ನು ಅದು ಇನ್ನಷ್ಟು ಕೆರಳಿಸುತ್ತದೆ. ಆ ಬಾಮ್ ಇವತ್ತೇ ಬಿಡಿ. ಜೊತೆಗೆ ಟೂತ್‌ಪೇಸ್ಟ್ ನೋಡಿ. ಖಾರ ಪುದೀನ, ದಾಲ್ಚಿನ್ನಿ ಪರಿಮಳ ಇರುವ ಪೇಸ್ಟ್ ಕೆಲವರ ತುಟಿಗೆ ಆಗಿಬರುವುದಿಲ್ಲ. ಲಿಪ್‌ಸ್ಟಿಕ್ಕಿನ ಪರಿಮಳ, ಬಣ್ಣಕ್ಕೂ ಹಾಗೆ ಆಗಬಹುದು. ಮಾವಿನಕಾಯಿ ಕಾಲದಲ್ಲಿ ಸಿಪ್ಪೆ ಸಮೇತ ಕಚ್ಚಿ ತಿಂದು, ಸೊನೆ ತಾಗಿ ತುಟಿ ಊದಿಸಿಕೊಂಡು ಬರುವವರನ್ನು ಪ್ರತಿವರ್ಷ ನೋಡುತ್ತೇನೆ.

ಎರಡು ಮೂರು ವಾರ ತುಟಿಗೆ ಸಾದಾ ಜೆಲ್ಲಿ ಬಿಟ್ಟು ಬೇರೇನೂ ಬೇಡ. ಪೇಸ್ಟನ್ನೂ ಪರಿಮಳ ಇಲ್ಲದ್ದಕ್ಕೆ ಬದಲಾಯಿಸಿ. ಸಕ್ಕರೆ ಹಾಕಿ ಉಜ್ಜುವುದು, ಬ್ರಷ್‌ನಲ್ಲಿ ತಿಕ್ಕುವುದು ಬೇಡ. ಸಿಪ್ಪೆ ಕೀಳಬೇಡಿ, ಕಿತ್ತಾಗ ಪೂರ್ತಿ ಬೆಳೆಯದ ಚರ್ಮವೂ ಅದರ ಜೊತೆ ಬರುತ್ತದೆ. ವಾಸಿಯಾದ ಮೇಲೆ ಹಳೆಯದನ್ನು ಒಂದೊಂದಾಗಿ ಮತ್ತೆ ಶುರು ಮಾಡಿ, ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಗೊತ್ತಾಗಲಿಲ್ಲ ಅಂದರೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಟೆಸ್ಟ್ ಇದೆ.

ಪಾಂಡವಪುರದಿಂದ: ಮೇಡಂ, ಅಪ್ಪನಿಗೆ 62. ಕಬ್ಬಿನ ಗದ್ದೆ ಕೆಲಸ, ಬೀಡಿ ಸೇದ್ತಾರೆ, ಎಲೆ ಅಡಿಕೆ ಇದೆ. ಕೆಳದುಟಿಯಲ್ಲಿ ಒಂದು ಕಡೆ ಬೆಳ್ಳಗೆ, ಒರಟಾಗಿ ಹಕ್ಕಳೆ ಕಟ್ಟುತ್ತೆ. ಉದುರುತ್ತೆ, ಮತ್ತೆ ಬರುತ್ತೆ. ಎರಡು ತಿಂಗಳಾಯ್ತು. ನೋವಿಲ್ಲ ಬಿಡು ಅಂತಾರೆ.

ಡಾಕ್ಟರ್: ಅಣ್ಣ, ಈ ವಾರವೇ ಅಪ್ಪನನ್ನು ಕರೆದುಕೊಂಡು ಹೋಗಿ. ನೋಡದೆ ನಾನು ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ 3 ವಾರ ದಾಟಿಯೂ ವಾಸಿಯಾಗದ ತುಟಿಯ ಹುಣ್ಣು, ಹಕ್ಕಳೆ, ಗಂಟು ಯಾವುದನ್ನೂ ಸುಮ್ನೆ ಬಿಡಬಾರದು. ನೋವಿಲ್ಲ ಅನ್ನುವುದು ಧೈರ್ಯ ತಗೊಳ್ಳುವ ಮಾತಲ್ಲ. ತುಟಿಯ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯುವುದಿಲ್ಲ.

ಬಿಸಿಲಿಗೆ ಕೆಳದುಟಿ ಮೇಲ್ದುಟಿಗಿಂತ ಜಾಸ್ತಿ ಒಡ್ಡಿಕೊಂಡಿರುತ್ತದೆ. ಬಿಸಿಲು ತಡೆಯುವ ಕಪ್ಪು ಬಣ್ಣ ತುಟಿಯಲ್ಲಿ ಕಮ್ಮಿ. ವರ್ಷಾನುಗಟ್ಟಲೆ ಗದ್ದೆಯಲ್ಲಿ ನಿಂತವರ ಕೆಳದುಟಿ ಒರಟಾಗಿ, ತುಟಿಗೂ ಚರ್ಮಕ್ಕೂ ನಡುವಿನ ಗೆರೆ ಮಸುಕಾಗುತ್ತದೆ. ಬಿಸಿಲಿನಿಂದ ಕೆಟ್ಟ ಈ ತುಟಿ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಬೀಡಿ ಆ ಅಪಾಯವನ್ನು ಹೆಚ್ಚಿಸುತ್ತದೆ. ಅಡಿಕೆ ಬಾಯಿಯ ಒಳಗೆ ಹಾಳುಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ಅಗಿದರೂ ಕ್ಯಾನ್ಸರ್ ಬರುತ್ತದೆ ಅಂತ ಹೇಳಿದೆ. ನಮ್ಮ ಕಡೆ ಊಟ ಆದಮೇಲೆ ಎಲೆ ಅಡಿಕೆ ಬಿಡಿ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಹೇಳಲೇಬೇಕು.

ಮಂಡ್ಯದ ಮಿಮ್ಸ್ ಆಗಬಹುದು, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಬಹುದು, ಚರ್ಮ ವಿಭಾಗದಲ್ಲಿ ತೋರಿಸಿ. ಬೇಕು ಅನಿಸಿದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.

ಪಾಂಡವಪುರದಿಂದ: ಚಾಕು ತಾಗಿದರೆ ಹರಡುತ್ತೆ ಅಂತ ಊರಲ್ಲಿ ಹೆದರಿಸ್ತಾರೆ ಮೇಡಂ. ಅಪ್ಪ ಅದಕ್ಕೇ ಒಪ್ತಿಲ್ಲ.

ಡಾಕ್ಟರ್: ಚೂರು ತೆಗೆದಿದ್ದಕ್ಕೆ ತುಟಿಯ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯ ಬೇಡ. ತಡ ಮಾಡಿದರೆ ಹರಡುತ್ತದೆ. ಬೇಗ ಸಿಕ್ಕಿದರೆ ಆ ಭಾಗವನ್ನಷ್ಟೇ ತೆಗೆದು ಪೂರ್ತಿ ಗುಣ ಮಾಡುವ ಅವಕಾಶ ತುಂಬಾ ಚೆನ್ನಾಗಿದೆ. ಇದನ್ನು ಅಪ್ಪನಿಗೆ ಓದಿ ಹೇಳಿ. ಕ್ಯಾನ್ಸರ್ ಅಲ್ಲ ಅಂತಲೂ ಬರಬಹುದು. ಆಗಲೂ ಗದ್ದೆಗೆ ಹೋಗುವಾಗ ಅಗಲ ಅಂಚಿನ ಟೋಪಿ, ತುಟಿಗೆ ಬಿಸಿಲು ತಡೆಯುವ, ಡಬ್ಬಿ ಮೇಲೆ ಎಸ್‌ಪಿಎಫ್ 30 ಅಂತ ಬರೆದಿರುವ ಬಾಮ್ ಬೇಕು. ತಲೆಗೆ ಟವೆಲ್ ಸುತ್ತಿದರೆ ತುಟಿಗೆ ನೆರಳು ಬೀಳುವುದಿಲ್ಲ.

ಶ್ರೀರಂಗಪಟ್ಟಣದಿಂದ: ಅಜ್ಜಿಗೆ ಎರಡೂ ಕಟಬಾಯಿ ಸೀಳಿ ಬೆಳ್ಳಗಾಗಿದೆ. ಹಲ್ಲಿನ ಸೆಟ್ ಹಾಕ್ತಾರೆ. ಬಿ ಕಾಂಪ್ಲೆಕ್ಸ್ ಕೊಟ್ಟೆ, ಕಮ್ಮಿ ಆಗಿಲ್ಲ.

ಡಾಕ್ಟರ್: ಸೆಟ್ ಸವೆದು ಸಡಿಲವಾದರೆ ಬಾಯಿ ಕುಗ್ಗಿ, ಕಟಬಾಯಿಯ ಮಡಿಕೆಯಲ್ಲಿ ಎಂಜಲು ನಿಲ್ಲುತ್ತದೆ. ಅಲ್ಲಿ ಫಂಗಸ್ ಬೆಳೆಯುತ್ತದೆ. ಅದಕ್ಕೆ ಬೇರೆ ಮುಲಾಮು ಬೇಕು. ರಾತ್ರಿ ಸೆಟ್ ತೆಗೆದು ತೊಳೆದು ನೀರಿನಲ್ಲಿಡಿ. ಸಕ್ಕರೆ ಕಾಯಿಲೆ, ರಕ್ತಹೀನತೆ ಎರಡಕ್ಕೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಪಾಂಡವಪುರದಿಂದ: ಅಪ್ಪ ಒಪ್ಪಿದರು ಮೇಡಂ. ಸೋಮವಾರ ಮಿಮ್ಸ್‌ಗೆ ಹೊರಡ್ತೀವಿ. ಏನಾದರೂ ತಯಾರಿ ಬೇಕಾ?

ಡಾಕ್ಟರ್: ಒಳ್ಳೆಯದಾಯಿತು. ಬೆಳಿಗ್ಗೆ ತುಟಿಗೆ ಏನೂ ಹಚ್ಚಬೇಡಿ, ಹಕ್ಕಳೆ ಕೀಳಬೇಡಿ, ಇದ್ದ ಹಾಗೆ ಕಾಣಲಿ. ಅಪ್ಪ ತಗೊಳ್ಳುವ ಮಾತ್ರೆಗಳ ಚೀಟಿ ಎಲ್ಲ ತಗೊಂಡು ಹೋಗಿ. ತುಟಿಯಲ್ಲಿ ರಕ್ತ ಜಾಸ್ತಿ ಹರಿಯುತ್ತದೆ, ಅದಕ್ಕೆ ಹೃದಯಕ್ಕೆ ಅಂತ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು. ನೀವಾಗಿಯೇ ಅದನ್ನು ನಿಲ್ಲಿಸಬೇಡಿ, ಏನು ಮಾಡಬೇಕು ಅಂತ ಅಲ್ಲಿನ ಡಾಕ್ಟರ್ ಹೇಳುತ್ತಾರೆ. ಕುತ್ತಿಗೆಯಲ್ಲಿ, ದವಡೆ ಕೆಳಗೆ ಗಂಟು ಏನಾದರೂ ಕೈಗೆ ಸಿಕ್ಕಿದ್ದರೆ ಅದನ್ನೂ ಮರೆಯದೆ ಹೇಳಿ.