ಟಿಡಿಎ1541ಎ ಇರುವ ಹಳೇ ಸಿಡಿ ಪ್ಲೇಯರ್: ಮೊದಲು ಏನನ್ನು ಬದಲಿಸಬೇಕು?

ಹಳೇಡಬ್ಬಿ:
ಎಲ್ಲರಿಗೂ ನಮಸ್ಕಾರ. 80ರ ದಶಕದ ಕೊನೆಯ ಒಂದು ಪ್ಲೇಯರ್ ಬಿಚ್ಚಿ ಕೂತಿದ್ದೇನೆ. ಒಳಗೆ ಸಿಡಿಎಂ-4 ಮೆಕ್ಯಾನಿಸಂ (ಡಿಸ್ಕ್ ತಿರುಗಿಸಿ ಲೇಸರ್‌ನಿಂದ ಓದುವ ಭಾಗ), ಎಸ್‌ಎಎ7210 ಡಿಕೋಡರ್, ಎಸ್‌ಎಎ7220ಪಿ/ಬಿ ಡಿಜಿಟಲ್ ಫಿಲ್ಟರ್, ಟಿಡಿಎ1541ಎ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಅನಲಾಗ್ ಸಿಗ್ನಲ್ ಮಾಡುವ ಚಿಪ್), ಔಟ್‌ಪುಟ್‌ನಲ್ಲಿ ಎರಡು ಎನ್‌ಇ5532 ಆಪ್-ಆಂಪ್ (ಸಿಗ್ನಲ್ ಬಲಪಡಿಸುವ ಚಿಪ್) ಇವೆ. ಹಿಂದೆ ಕೋಆಕ್ಸಿಯಲ್ ಡಿಜಿಟಲ್ ಔಟ್ ಕೂಡ ಇದೆ.

ತೊಂದರೆ ಇಷ್ಟು: ತಣ್ಣಗಿರುವಾಗ ಡಿಸ್ಕ್ ಹಾಕಿದರೆ ಎರಡು ಮೂರು ಸಲ ಒದ್ದಾಡಿ ಆಮೇಲೆ ಓದುತ್ತದೆ, ಕಾಲು ಗಂಟೆ ಆನ್ ಇದ್ದರೆ ಸರಿಯಾಗಿರುತ್ತದೆ. ರೈಟ್ ಮಾಡಿದ ಸಿಡಿ ಹಾಕಿದರೆ ಹಾರುತ್ತದೆ. ಎಡ ಚಾನೆಲ್ ಒಮ್ಮೊಮ್ಮೆ ಸಣ್ಣದಾಗುತ್ತದೆ. ಒಟ್ಟಾರೆ ದನಿಯೂ ಮಂಕು, ಸಿಂಬಲ್‌ಗಳ ಮೇಲೆ ಕಂಬಳಿ ಹೊದಿಸಿದ ಹಾಗೆ.

ಎಲ್‌ಎಂ4562 ಆಪ್-ಆಂಪ್ ಹಾಕಿ, ಹೊಸ ಕ್ಲಾಕ್ ಬೋರ್ಡ್ (ಚಿಪ್‌ಗಳಿಗೆ ತಾಳ ಕೊಡುವ ಸರ್ಕ್ಯೂಟ್) ಕೂರಿಸಿ, ಕೊನೆಗೆ ಕೆಪಾಸಿಟರ್‌ಗಳನ್ನು ನೋಡೋಣ ಅಂತ ಯೋಚನೆ. ತಾಪ ನಿಯಂತ್ರಣ ಇರುವ ಐರನ್, ಮಲ್ಟಿಮೀಟರ್ ಇದೆ, ಆಸಿಲೋಸ್ಕೋಪ್ ಇಲ್ಲ. ಕ್ರಮ ಸರಿಯೇ?

ಬೆಸುಗೆಹೊಗೆ:
ಕ್ರಮ ಪೂರ್ತಿ ತಲೆಕೆಳಗಾಗಿದೆ ಸರ್. ಕೆಪಾಸಿಟರ್ ಮೊದಲು, ಆಪ್-ಆಂಪ್ ಆಮೇಲೆ, ಕ್ಲಾಕ್ ಬಹುಶಃ ಬೇಡವೇ ಬೇಡ.

"ತಣ್ಣಗಿದ್ದರೆ ಓದಲ್ಲ, ಬಿಸಿಯಾದರೆ ಸರಿ" ಅಂದಿರಲ್ಲ, ಅದು ಒಣಗಿದ ಎಲೆಕ್ಟ್ರೋಲೈಟಿಕ್ (ಒಳಗೆ ದ್ರವ ಇರುವ) ಕೆಪಾಸಿಟರ್‌ನ ಲಕ್ಷಣ. ಒಳಗಿನ ದ್ರವ ಕಡಿಮೆಯಾದಂತೆ ಕೆಪಾಸಿಟರ್‌ನ ಆಂತರಿಕ ರೋಧ, ಅಂದರೆ ಇಎಸ್‌ಆರ್, ಏರುತ್ತದೆ. ತಣ್ಣಗಿದ್ದಾಗ ಅದು ಇನ್ನೂ ಹೆಚ್ಚು. ಹೀಗಾಗಿ ಲೆನ್ಸನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಸರ್ವೋಗೆ ಬೇಕಾದ ಕರೆಂಟ್ ಆ ಕ್ಷಣಕ್ಕೆ ಸಿಗುವುದಿಲ್ಲ, ಫೋಕಸ್ ಕೂರುವುದಿಲ್ಲ.

ಏನನ್ನೂ ಕೀಳುವ ಮೊದಲು ಅಳೆಯಿರಿ. ರೆಗ್ಯುಲೇಟರ್‌ಗಳ ನಂತರ ಪ್ಲಸ್ 5, ಮೈನಸ್ 5, ಮೈನಸ್ 15, ಆಪ್-ಆಂಪ್‌ಗೆ ಹೋಗುವ ಎರಡು ಸಪ್ಲೈ, ಎಲ್ಲವನ್ನೂ ಡಿಸಿಯಲ್ಲಿ ಬರೆದಿಡಿ. ಆಮೇಲೆ ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ತಿರುಗಿಸಿ ಅದೇ ಜಾಗಗಳಲ್ಲಿ ರಿಪಲ್ (ಡಿಸಿ ಮೇಲೆ ಉಳಿದ ಎಸಿ ಏರಿಳಿತ) ನೋಡಿ. ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ, ಹತ್ತಾರು ಮಿಲಿವೋಲ್ಟ್ ಬಂದರೆ ಹಿಂದಿನ ಮೇನ್ ಫಿಲ್ಟರ್ ಕೆಪಾಸಿಟರ್ ಸತ್ತಿದೆ ಅಂತ ತಿಳಿಯಿರಿ. 78, 79 ಸರಣಿಯ ರೆಗ್ಯುಲೇಟರ್‌ಗಳಿಗೆ ಒಳಬರುವ ವೋಲ್ಟೇಜ್ ಹೊರಗಿನದಕ್ಕಿಂತ ಕನಿಷ್ಠ 2 ವೋಲ್ಟ್‌ನಷ್ಟು ಹೆಚ್ಚಿರಬೇಕು. ಫಿಲ್ಟರ್ ಕೆಪಾಸಿಟರ್ ಕುಗ್ಗಿದರೆ ರಿಪಲ್‌ನ ತಗ್ಗು ಆ ಗೆರೆಗಿಂತ ಕೆಳಗಿಳಿದು, ಗುಂಯ್ ಅನ್ನುವ ಹಮ್ ನೇರ ಡ್ಯಾಕ್‌ಗೆ ಹೋಗುತ್ತದೆ.

ಬದಲಿಸುವಾಗ:

ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಎರಡು ಕಾಲಿಗೆ 1 ಕಿಲೋಓಮ್ ರೆಸಿಸ್ಟರ್ ಅರ್ಧ ನಿಮಿಷ ಹಿಡಿಯಿರಿ. 1 ವೋಲ್ಟ್‌ಗಿಂತ ಇಳಿದಿದೆಯೇ ಅಂತ ಮೀಟರ್‌ನಲ್ಲಿ ನೋಡಿಯೇ ಕೈ ಹಾಕಿ. ಮೇನ್ಸ್ ಸ್ವಿಚ್, ಫ್ಯೂಸ್ ಇರುವ ಮೂಲೆಯನ್ನು ಮುಟ್ಟುವ ಕೆಲಸವೇ ಇಲ್ಲ.

105 ಡಿಗ್ರಿಯ, ಕಡಿಮೆ ಇಎಸ್‌ಆರ್‌ನ ಕೆಪಾಸಿಟರ್ ತನ್ನಿ. ಪ್ಯಾನಸೋನಿಕ್ ಎಫ್‌ಸಿ, ಎಫ್‌ಆರ್ ಅಥವಾ ನಿಚಿಕಾನ್‌ನ ಅಂಥದ್ದೇ ಸರಣಿ ಸಾಕು. ವೋಲ್ಟೇಜ್ ಹಳೆಯದರಷ್ಟು ಅಥವಾ ಒಂದು ಮೆಟ್ಟಿಲು ಹೆಚ್ಚು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ಮೇನ್ ಫಿಲ್ಟರ್ ಮಾತ್ರ ಒಂದೂವರೆ ಪಟ್ಟಿನವರೆಗೆ ಏರಿಸಬಹುದು. "3300 ಇದ್ದಲ್ಲಿ 22000 ಹಾಕಿದರೆ ಬಾಸ್ ಬರುತ್ತೆ" ಅನ್ನುವ ಮಾತು ಕೇಳಬೇಡಿ: ಡಯೋಡ್ ಮೂಲಕ ಚೂಪು ಕರೆಂಟ್ ಹರಿದು ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಅದರ ಗಲಾಟೆಯೇ ಹೆಚ್ಚು.

ಪೊಲಾರಿಟಿಯಲ್ಲಿ ಎಡವುವುದು ಮೈನಸ್ ಸಪ್ಲೈನಲ್ಲಿ. ಅಲ್ಲಿ ಕೆಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗುತ್ತದೆ. ಕೆಲವು ಬೋರ್ಡ್‌ಗಳು ಪ್ಲಸ್ ಗುರುತಿಸುತ್ತವೆ, ಕೆಲವು ಮೈನಸ್ ಕಡೆ ಅರ್ಧಚಂದ್ರ ತುಂಬಿರುತ್ತವೆ. ಎಲ್ಲಾ ಕಿತ್ತು ಗುಡ್ಡೆ ಹಾಕಬೇಡಿ. ಫೋಟೋ ತೆಗೆದು, ಒಂದು ಕಿತ್ತು ಒಂದು ಹಾಕಿ. ಮೈ ಮೇಲೆ ಬಿಪಿ ಅಥವಾ ಎನ್‌ಪಿ ಅಂತ ಇದ್ದರೆ ಅದು ಬೈಪೋಲಾರ್, ಅದರ ಜಾಗಕ್ಕೆ ಬೈಪೋಲಾರ್ ಮಾತ್ರ.

ಆ ಕಾಲದ ಒಂದು ಬದಿಯ ಬೋರ್ಡ್‌ಗಳಲ್ಲಿ ತಾಮ್ರದ ಪ್ಯಾಡ್ ಬೇಗ ಎದ್ದು ಬರುತ್ತದೆ. ಐರನ್ 330ರಿಂದ 350 ಡಿಗ್ರಿ, ಒಂದು ಕಾಲಿಗೆ ಮೂರು ಸೆಕೆಂಡ್. ಹಳೆ ಬೆಸುಗೆ ಕರಗದಿದ್ದರೆ ಮೊದಲು ಸ್ವಲ್ಪ ಹೊಸ 63/37 ತವರ-ಸೀಸದ ಬೆಸುಗೆ ಸೇರಿಸಿ, ಅದು ನೀರಾದ ಮೇಲೆ ವಿಕ್ (ಬೆಸುಗೆ ಹೀರುವ ತಾಮ್ರದ ಜಡೆ) ಇಟ್ಟು ಹೀರಿಸಿ. ಕಾಲನ್ನು ಎಳೆಯಬೇಡಿ, ತಾನಾಗಿ ಜಾರಬೇಕು. ಅದೇ ಉಸಿರಿನಲ್ಲಿ ರೆಗ್ಯುಲೇಟರ್ ಕಾಲುಗಳು, ಕನೆಕ್ಟರ್ ಪಿನ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಉಂಗುರದಂತೆ ಬಿರುಕು ಕಂಡರೆ ಮತ್ತೆ ಬೆಸುಗೆ ಹಾಕಿ.

ರೆಗ್ಯುಲೇಟರ್‌ಗಳನ್ನು ಎಲ್‌ಎಂ317, 337ಕ್ಕೆ ಬದಲಿಸುವ ಆಸೆ ಬಂದರೆ ನೆನಪಿಡಿ, ಕಾಲುಗಳ ಕ್ರಮವೇ ಬೇರೆ. 7805ರಲ್ಲಿ ಇನ್, ಗ್ರೌಂಡ್, ಔಟ್. ಎಲ್‌ಎಂ317ರಲ್ಲಿ ಅಡ್ಜಸ್ಟ್, ಔಟ್, ಇನ್. 7805ರ ಬೆನ್ನಿನ ಲೋಹ ಗ್ರೌಂಡ್, 317ರದ್ದು ಔಟ್‌ಪುಟ್. ನಡುವೆ ವಿದ್ಯುತ್ ತಡೆಯುವ ಮೈಕಾ ಹಾಳೆ ಇಲ್ಲದೆ ಅದೇ ಹೀಟ್‌ಸಿಂಕ್‌ಗೆ ತಿರುಚಿದರೆ ಆನ್ ಮಾಡಿದ ಕ್ಷಣವೇ ಶಾರ್ಟ್.

ಲೆನ್ಸ್‌ಬಟ್ಟೆ:
ಮೇಲಿನವರ ಮಾತಿಗೆ ಒಂದು ಸೇರಿಕೆ: ಸಿಡಿಎಂ-4 ಮೆಕ್ಯಾನಿಸಂ ಅಡಿಯಲ್ಲೇ ಪುಟ್ಟ ಬೋರ್ಡ್ ಇದೆ, ಅದರ ಮೇಲಿನ ಸಣ್ಣ ಎಲೆಕ್ಟ್ರೋಲೈಟಿಕ್ ಅನ್ನು ಎಲ್ಲರೂ ಮರೆಯುತ್ತಾರೆ. ಮೇನ್ ಬೋರ್ಡ್ ಪೂರ್ತಿ ಹೊಸದಾಗಿಸಿ "ಇನ್ನೂ ಓದ್ತಿಲ್ಲ" ಅನ್ನುವವರಲ್ಲಿ ಅನೇಕರ ಕಳ್ಳ ಅಲ್ಲೇ ಇರುತ್ತದೆ.

ಇದು ಸ್ವಿಂಗ್ ಆರ್ಮ್ ಮೆಕ್ಯಾನಿಸಂ. ಲೇಸರ್ ಹಳಿಯ ಮೇಲೆ ಜಾರುವುದಿಲ್ಲ, ತೋಳಿನಂತೆ ಬೀಸುತ್ತದೆ. ಆದ್ದರಿಂದ ಗೇರ್, ಹಳಿ, ಗ್ರೀಸ್ ಅನ್ನುವ ಸಲಹೆಗಳು ನಿಮಗಲ್ಲ. ತೋಳಿನ ಬೇರಿಂಗ್‌ಗೆ ಎಣ್ಣೆ ಬಿಡಲೇಬೇಡಿ, ಧೂಳು ಹಿಡಿದು ಅಂಟಾಗುತ್ತದೆ. ಪ್ಲಗ್ ಕಿತ್ತಿರುವಾಗ ಬೆರಳ ತುದಿಯಿಂದ ತೋಳನ್ನು ಮೆಲ್ಲಗೆ ತಳ್ಳಿದರೆ ಎಲ್ಲೂ ತಡೆಯದೆ ಓಡಾಡಬೇಕು.

ಲೆನ್ಸ್: 99 ಪ್ರತಿಶತ ಐಸೊಪ್ರೊಪೈಲ್, ಹತ್ತಿಕಡ್ಡಿ ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಮಧ್ಯದಿಂದ ಹೊರಗೆ ಸುತ್ತುತ್ತಾ ಒರೆಸಿ, ಭಾರ ಬೀಳಬಾರದು. ಲೆನ್ಸ್ ನಿಂತಿರುವುದು ತೆಳು ಸ್ಪ್ರಿಂಗ್‌ಗಳ ಮೇಲೆ. ಬ್ರಷ್ ಅಂಟಿಸಿದ ಕ್ಲೀನಿಂಗ್ ಡಿಸ್ಕ್ ಬೇಡ.

ಲೇಸರ್ ಪವರ್‌ನ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ತಿರುಗಿಸಬೇಡಿ. ಆಸಿಲೋಸ್ಕೋಪ್ ಇಲ್ಲದೆ, ಸರ್ವಿಸ್ ಮ್ಯಾನುಯಲ್ ಇಲ್ಲದೆ ತಿರುಗಿಸಿದರೆ ಎರಡು ದಿನ ಚೆನ್ನಾಗಿ ಓದಿ ಮೂರನೇ ದಿನ ಡಯೋಡ್ ಸಾಯುತ್ತದೆ. ರೈಟ್ ಮಾಡಿದ ಸಿಡಿ ಪ್ರತಿಫಲಿಸುವುದೇ ಕಡಿಮೆ, ಹಳೆ ಪ್ಲೇಯರ್‌ಗೆ ಅದು ಕಷ್ಟವೇ. ಕೆಪಾಸಿಟರ್ ಆದ ಮೇಲೂ ಅಂಗಡಿಯ ಅಚ್ಚಿನ ಸಿಡಿ ಹಾರಿದರೆ ಮಾತ್ರ ಲೇಸರ್ ಮೇಲೆ ಅನುಮಾನ ಪಡಿ. ಮುಚ್ಚಳ ತೆಗೆದು ಓಡಿಸುವಾಗ ಲೆನ್ಸ್‌ನೊಳಗೆ ಇಣುಕಬೇಡಿ: 780 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಹೆಚ್ಚೂಕಡಿಮೆ ಕಾಣುವುದೇ ಇಲ್ಲ, ಹಾಗಂತ ಸುಡದೆ ಇರುವುದಿಲ್ಲ.

ಮೈನಸ್15:
ಮಂಕು ದನಿ, ಎಡ ಚಾನೆಲ್ ಇವೆರಡನ್ನೂ ಆಪ್-ಆಂಪ್ ತಲೆಗೆ ಕಟ್ಟಬೇಡಿ.

ಔಟ್‌ಪುಟ್ ಸಾಕೆಟ್ ಹತ್ತಿರ ಮ್ಯೂಟ್ ರಿಲೇ (ದನಿ ಕತ್ತರಿಸುವ ವಿದ್ಯುತ್ ಸ್ವಿಚ್) ಇದೆಯೇ ನೋಡಿ. ಅದರ ಸಂಪರ್ಕ ಕಪ್ಪಾದರೆ ಒಂದು ಚಾನೆಲ್ ಸಣ್ಣದಾಗುತ್ತದೆ, ಜೋರು ಭಾಗ ಬಂದಾಗ ಥಟ್ಟನೆ ಸರಿಹೋಗುತ್ತದೆ. ಮುಚ್ಚಳ ತೆಗೆಯಲು ಬಂದರೆ ಐಸೊಪ್ರೊಪೈಲ್‌ನಲ್ಲಿ ನೆನೆಸಿದ ಬಿಳಿ ಕಾಗದದ ಪಟ್ಟಿಯನ್ನು ಸಂಪರ್ಕಗಳ ನಡುವೆ ಇಟ್ಟು, ಮೆತ್ತಗೆ ಒತ್ತಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೆ. ಮರಳುಕಾಗದ ಬೇಡ, ಲೇಪ ಹೋಗುತ್ತದೆ.

ಎರಡನೆಯದು ಡಿ-ಎಂಫಸಿಸ್. ಮೊದಲ ದಿನಗಳ ಕೆಲವು ಸಿಡಿಗಳಲ್ಲಿ ಟ್ರೆಬಲ್ ಏರಿಸಿ ರೆಕಾರ್ಡ್ ಮಾಡಿರುತ್ತಾರೆ, ಪ್ಲೇಯರ್ ಅದನ್ನು 50/15 ಮೈಕ್ರೋಸೆಕೆಂಡ್ ಸರ್ಕ್ಯೂಟ್‌ನಿಂದ ಇಳಿಸಬೇಕು. ಈ ತಲೆಮಾರಿನ ಪ್ಲೇಯರ್‌ಗಳಲ್ಲಿ ಅದು ಡ್ಯಾಕ್ ನಂತರದ ಅನಲಾಗ್ ಸ್ವಿಚ್. ಅದು ಆನ್ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಪ್ರತಿ ಸಿಡಿಯಲ್ಲೂ 10 ಕಿಲೋಹರ್ಟ್ಸ್‌ನಲ್ಲಿ 7.6 ಡಿಬಿ, 20 ಕಿಲೋಹರ್ಟ್ಸ್‌ನಲ್ಲಿ 9.5 ಡಿಬಿ ಕಡಿಮೆ. ನೀವು ಹೇಳಿದ ಕಂಬಳಿ ಇದೇ ಇರಬಹುದು. ಪರೀಕ್ಷೆಗೆ 1 ಮತ್ತು 10 ಕಿಲೋಹರ್ಟ್ಸ್‌ನ ಸಮಾನ ಮಟ್ಟದ ಟೋನ್ ಇರುವ ಟೆಸ್ಟ್ ಡಿಸ್ಕ್ ಸಾಕು. ಆದರೆ ಸಾಧಾರಣ ಮಲ್ಟಿಮೀಟರ್‌ನ ಎಸಿ ರೇಂಜ್ 1 ಕಿಲೋಹರ್ಟ್ಸ್ ದಾಟಿದರೆ ತಾನೇ ಕಡಿಮೆ ತೋರಿಸುತ್ತದೆ, ನಂಬಬೇಡಿ. ಕಂಪ್ಯೂಟರ್‌ನ ಲೈನ್-ಇನ್‌ಗೆ ಕೊಟ್ಟು ರೆಕಾರ್ಡ್ ಮಾಡಿ ಎರಡರ ಎತ್ತರ ಹೋಲಿಸಿ.

ಈಗ ಡ್ಯಾಕ್. ಟಿಡಿಎ1541ಎ ಚಿಪ್‌ನ 7ರಿಂದ 13, 18ರಿಂದ 24ನೇ ಪಿನ್‌ಗಳಿಗೆ ಒಟ್ಟು ಹದಿನಾಲ್ಕು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇವೆ. ಪ್ಲಾಸ್ಟಿಕ್ ಫಿಲ್ಮ್ ಬಗೆಯವಾಗಿದ್ದರೆ ಮುಟ್ಟಬೇಡಿ. ಸಪ್ಲೈ ಪಿನ್‌ಗಳ (+5 ವೋಲ್ಟ್‌ಗೆ 28, ಮೈನಸ್ 5ಕ್ಕೆ 26, ಮೈನಸ್ 15ಕ್ಕೆ 15) ಹತ್ತಿರದ ಎಲೆಕ್ಟ್ರೋಲೈಟಿಕ್‌ಗಳು ಮಾತ್ರ ಖಂಡಿತ ಹೊಸದಾಗಬೇಕು. ಚಿಪ್ಪನ್ನೇ ಕಿತ್ತು ಸಾಕೆಟ್ ಹಾಕುವ ಹುಚ್ಚು ಬೇಡ, 28 ಕಾಲು ಕೀಳುವಾಗ ಹೋಗುವ ಪ್ಯಾಡ್‌ಗಳಿಗೆ ಹೋಲಿಸಿದರೆ ಸಿಗುವುದು ಸೊನ್ನೆ.

"ಔಟ್‌ಪುಟ್ ಕೆಪಾಸಿಟರ್ ತೆಗೆದು ತಂತಿ ಹಾಕಿ, ದನಿ ತೆರೆದುಕೊಳ್ಳುತ್ತೆ" ಅನ್ನುವವರೂ ಸಿಗುತ್ತಾರೆ. ಈ ಡ್ಯಾಕ್ ಹೊರಡಿಸುವುದು ಕರೆಂಟ್: ಪೂರ್ಣ ಅಳತೆ 4 ಮಿಲಿಆಂಪ್, ಹಾಡು ಇಲ್ಲದಾಗಲೂ 2 ಮಿಲಿಆಂಪ್. ಸರಿದೂಗಿಸುವ ರೆಸಿಸ್ಟರ್ ಇಲ್ಲದ ಸರ್ಕ್ಯೂಟ್‌ನಲ್ಲಿ 1.5 ಕಿಲೋಓಮ್ ಫೀಡ್‌ಬ್ಯಾಕ್ ಇದ್ದರೆ ಆಪ್-ಆಂಪ್ ಔಟ್‌ಪುಟ್‌ನಲ್ಲಿ 3 ವೋಲ್ಟ್ ಡಿಸಿ ಕೂತಿರುತ್ತದೆ. ತಂತಿ ಹಾಕಿದರೆ ಅದು ಆಂಪ್ಲಿಫೈಯರ್‌ಗೆ. ಬೇಕಿದ್ದರೆ ಕೆಪಾಸಿಟರ್ ಫಿಲ್ಮ್ ಮಾಡಿ: 2.2 ಮೈಕ್ರೋಫ್ಯಾರಡ್‌ಗೆ 20 ಕಿಲೋಓಮ್ ಇನ್‌ಪುಟ್ ಸಿಕ್ಕರೆ ಕಟ್-ಆಫ್ 3.6 ಹರ್ಟ್ಸ್, 10 ಕಿಲೋಓಮ್ ಆದರೆ 7.2.

ಆಪ್-ಆಂಪ್ ಬದಲಿಸಿಯೇ ತೀರುತ್ತೇನೆ ಅಂದರೆ ದುಂಡು ಪಿನ್‌ನ ಎಂಟು ಕಾಲಿನ ಸಾಕೆಟ್ ಹಾಕಿ, ಮೊದಲು ಹಳೆ 5532ಗಳನ್ನೇ ಕೂರಿಸಿ ಕೇಳಿ. ಸಪ್ಲೈ ಅಳೆಯದೆ ಹೊಸ ಚಿಪ್ ತರಬೇಡಿ: ಎಡಿ8620 ಪ್ಲಸ್-ಮೈನಸ್ 13 ವೋಲ್ಟ್ ಮೀರಬಾರದು, 15ರ ಸಪ್ಲೈಗೆ ಅದು ಬಲಿ. ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಅಡ್ಡಲಾಗಿರುವ ಸಣ್ಣ ಕೆಪಾಸಿಟರ್ ತೆಗೆಯಬೇಡಿ.

ಹಳೇಡಬ್ಬಿ:
ತುಂಬಾ ಉಪಕಾರ. ಕೆಪಾಸಿಟರ್ ಎಲ್ಲಾ ಆಯಿತು, ಮೆಕ್ಯಾನಿಸಂ ಅಡಿಯದೂ ಸೇರಿ. ಈಗ ತಣ್ಣಗಿದ್ದರೂ ಒಂದೇ ಸಲಕ್ಕೆ ಓದುತ್ತಿದೆ. ಕಾಗದದ ಪಟ್ಟಿ ಮೂರು ಸಲ ಕಪ್ಪಾಯಿತು, ಎಡ ಚಾನೆಲ್ ಮರಳಿತು. ಡಿ-ಎಂಫಸಿಸ್ ಸ್ವಿಚ್‌ನ ಟ್ರಾನ್ಸಿಸ್ಟರ್ ಶಾರ್ಟ್ ಆಗಿತ್ತು, ಬದಲಿಸಿದ ಮೇಲೆ ಎರಡೂ ಟೋನ್ ಒಂದೇ ಎತ್ತರ.

ಆದರೆ ಎಲ್‌ಎಂ4562 ಹಾಕಿದಾಗ ಒಂದು ಚಿಪ್ ಮೇಲೆ ಬೆರಳು ಇಡಲಾಗದಷ್ಟು ಬಿಸಿ. ಹಾಡನ್ನು ಪಾಜ್ ಮಾಡಿದರೂ ಸುಯ್ ಅನ್ನುತ್ತದೆ, ಬೆರಳು ಹತ್ತಿರ ಒಯ್ದರೆ ಆ ಸದ್ದು ಬದಲಾಗುತ್ತದೆ.

ಮೈನಸ್15:
ಅದು ಆಸಿಲೇಷನ್ (ಚಿಪ್ ತಾನಾಗಿ ಕಂಪಿಸುವುದು), ಕೂಡಲೇ ಆಫ್ ಮಾಡಿ. ಆ ಚಿಪ್‌ನ ಬ್ಯಾಂಡ್‌ವಿಡ್ತ್ 55 ಮೆಗಾಹರ್ಟ್ಸ್, 5532ರದ್ದು ಸುಮಾರು 10. ಸಪ್ಲೈ ದಾರಿ ಉದ್ದವಾಗಿದ್ದರೆ ಹಳೆಯದು ಸಹಿಸುತ್ತಿತ್ತು, ಇದು ಸಹಿಸುವುದಿಲ್ಲ. 15 ವೋಲ್ಟ್‌ನಲ್ಲಿ ಸುಮ್ಮನಿದ್ದಾಗಲೂ 0.3 ವ್ಯಾಟ್ ತಿನ್ನುವುದರಿಂದ ಬೆಚ್ಚಗಾಗುವುದು ಸಹಜ, ಸುಡುವುದು ಸಹಜವಲ್ಲ.

ಬೋರ್ಡ್ ತಿರುಗಿಸಿ, ಸಾಕೆಟ್‌ನ 8 ಮತ್ತು 4ನೇ ಪಿನ್ ನಡುವೆ 100 ನ್ಯಾನೋಫ್ಯಾರಡ್ ಎಕ್ಸ್7ಆರ್ ಸಿರಾಮಿಕ್ ನೇರ ಬೆಸೆಯಿರಿ, ಕಾಲು 5 ಮಿಲಿಮೀಟರ್ ದಾಟಬಾರದು. ಸಾಲದಿದ್ದರೆ ಎರಡೂ ಪಿನ್‌ನಿಂದ ಹತ್ತಿರದ ಅನಲಾಗ್ ಗ್ರೌಂಡ್‌ಗೆ ಒಂದೊಂದು. ಆಗಲೂ ಸುಯ್ ನಿಲ್ಲದಿದ್ದರೆ 5532 ವಾಪಸ್ ಹಾಕಿ. ಈ ಸ್ಥಾನದಲ್ಲಿ ಅದು ಕೆಟ್ಟ ಚಿಪ್ಪೇನಲ್ಲ.

ಎರಡುವೋಲ್ಟ್:
ಹೋಲಿಸುವವರಿಗೆ ಒಂದು ಮಾತು. ಕೋಆಕ್ಸಿಯಲ್‌ನಿಂದ ಹೊರಗಿನ ಡ್ಯಾಕ್‌ಗೆ ಕೊಟ್ಟರೆ ಈ ಎಲ್ಲಾ ಅನಲಾಗ್ ಕೆಲಸ ದಾಟಿಹೋಗುತ್ತದೆ, 75 ಓಮ್ ಕೇಬಲ್ ಒಂದೇ ಖರ್ಚು. ಆದರೆ ಒಂದು 2.0 ವೋಲ್ಟ್, ಇನ್ನೊಂದು 2.2 ವೋಲ್ಟ್ ಕೊಟ್ಟರೆ 0.8 ಡಿಬಿ ವ್ಯತ್ಯಾಸ. ಜೋರಾದದ್ದೇ ಚೆನ್ನಾಗಿದೆ ಅನ್ನಿಸುತ್ತದೆ, ಕಿವಿಯ ಸ್ವಭಾವ ಅದು. 400 ಹರ್ಟ್ಸ್ ಟೋನ್ ಹಾಕಿ, ಎರಡನ್ನೂ 20 ಮಿಲಿವೋಲ್ಟ್ ಒಳಗೆ ಸರಿಹೊಂದಿಸಿ ಆಮೇಲೆ ಕೇಳಿ.

ಹಳೇಡಬ್ಬಿ:
8-4 ನಡುವಿನ ಸಿರಾಮಿಕ್ ಸಾಕಾಯಿತು, ಸುಯ್ ಹೋಯಿತು, ಚಿಪ್ ಈಗ ಬೆಚ್ಚಗಷ್ಟೇ. ಕ್ಲಾಕ್ ಯಾಕೆ ಬೇಡ ಅಂದಿರಿ?

ಬೆಸುಗೆಹೊಗೆ:
16 ಬಿಟ್‌ಗೆ, 20 ಕಿಲೋಹರ್ಟ್ಸ್‌ನ ಪೂರ್ಣ ಮಟ್ಟದ ಸಿಗ್ನಲ್‌ನಲ್ಲೂ ಜಿಟರ್ (ಕ್ಲಾಕ್‌ನ ಸಮಯದ ಅಲುಗಾಟ) ಕಾಣದಿರಲು ಸುಮಾರು 100 ಪಿಕೋಸೆಕೆಂಡ್ ಸಾಕು. ಆರೋಗ್ಯವಾಗಿರುವ ಸಾಧಾರಣ ಕ್ರಿಸ್ಟಲ್ ಆಸಿಲೇಟರ್‌ಗೆ ಅದು ದೊಡ್ಡ ಮಾತಲ್ಲ. ನಿಮ್ಮ 11.2896 ಮೆಗಾಹರ್ಟ್ಸ್ ಕ್ರಿಸ್ಟಲ್ 7220ರ ಪಕ್ಕದಲ್ಲೇ ಇದೆ, 7210ಗೂ ಕ್ಲಾಕ್ ಹೋಗುವುದು ಅಲ್ಲಿಂದಲೇ. ಬೇರೆ ಬೋರ್ಡ್‌ನಿಂದ ಹತ್ತು ಸೆಂಟಿಮೀಟರ್ ತಂತಿ ಎಳೆದು ಅದನ್ನು ಹೊತ್ತು ತಂದರೆ ಚೂಪು ಅಂಚುಗಳು ಅಲೆಅಲೆಯಾಗಿ, ಗಲಾಟೆ ಗ್ರೌಂಡ್‌ಗೆ ಹರಡಿ, ಮೊದಲಿಗಿಂತ ಕೆಡುವ ಸಾಧ್ಯತೆಯೇ ಹೆಚ್ಚು. 7220ರ 5 ವೋಲ್ಟ್ ಪಿನ್ ಹತ್ತಿರದ ಕೆಪಾಸಿಟರ್ ಬದಲಿಸಿದ್ದೀರಾ? ಇಲ್ಲದಿದ್ದರೆ ಕ್ಲಾಕ್‌ನ ದುಡ್ಡು ಉಳಿಸಿ ಅದನ್ನು ಮಾಡಿ.