ಪ್ಯಾಟ್ ಸಮ್ಮಿಟ್ ಶುರು ಮಾಡಿದಾಗ ಏನಿತ್ತು?

ಬಳ್ಳಾರಿ ಪಿಟಿ ಮೇಡಂ:
ಬಳ್ಳಾರಿಯ ಹುಡುಗಿಯರ ಕಾಲೇಜೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ಸಿಮೆಂಟ್ ಕೋರ್ಟ್. ಏಪ್ರಿಲ್ ಬಂದರೆ ಬೆಳಿಗ್ಗೆ ಎಂಟಕ್ಕೇ ನೆಲ ಕಾಯುತ್ತದೆ. ಜರ್ಸಿ ಕೇಳಿದರೆ ‘ಮುಂದಿನ ವರ್ಷ ನೋಡೋಣ ಮೇಡಂ’ ಅನ್ನುತ್ತಾರೆ. ಅಮೆರಿಕದ ಟೆನೆಸ್ಸಿ ಯೂನಿವರ್ಸಿಟಿಯ ಪ್ಯಾಟ್ ಸಮ್ಮಿಟ್ 1,098 ಪಂದ್ಯ ಗೆದ್ದ ಕೋಚ್. ಅವರಿಗೆ ಮೊದಲಿಂದಲೂ ಎಲ್ಲಾ ಸವಲತ್ತು ಇತ್ತಾ?

ರಾಯಚೂರು ರೀಬೌಂಡ್:
ಎಲ್ಲಿಯ ಸವಲತ್ತು ಮೇಡಂ! 1974ರಲ್ಲಿ ಹೆಡ್ ಕೋಚ್ ಆದಾಗ ಅವರಿಗೆ 22 ವರ್ಷ. ಸಂಬಳ ತಿಂಗಳಿಗೆ 250 ಡಾಲರ್. ಟೀಮಿನ ಬಟ್ಟೆ ತಾವೇ ಒಗೆಯುತ್ತಿದ್ದರು, ವ್ಯಾನ್ ತಾವೇ ಓಡಿಸುತ್ತಿದ್ದರು. ಜರ್ಸಿಗೆ ಡೋನಟ್ ಮಾರಿ ದುಡ್ಡು ಕೂಡಿಸಿದ್ದು. 1976ರ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ, 1984ರಲ್ಲಿ ಕೋಚ್ ಆಗಿ ಚಿನ್ನ. ಅವರ ಕಾಲೇಜ್ ಟೀಮಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು 1987ರಲ್ಲಿ. 13 ವರ್ಷ ಕಾಯ್ದರು ನೋಡಿ! ಆಮೇಲೆ ಇನ್ನೂ 7 ಬಂದವು.

ಗಂಗಾವತಿ ಮಾಸ್ತರ:
ಕಪ್‌ಗಿಂತ ನನಗೆ ಇಷ್ಟವಾದದ್ದು ಅವರ ಕ್ಲಾಸಿನ ರೂಲು. ಆಟಗಾರ್ತಿಯರು ಮೊದಲ ಮೂರು ಸಾಲಲ್ಲೇ ಕೂರಬೇಕಿತ್ತು. ಅಲ್ಲಿ ಪೂರ್ತಿ ಅವಧಿ ಆಡಿದವರೆಲ್ಲ ಡಿಗ್ರಿ ಮುಗಿಸಿದರು. 2011ರಲ್ಲಿ ಆಲ್ಝೈಮರ್ಸ್ (ಮರೆವಿನ ಕಾಯಿಲೆ) ಇದೆ ಅಂತ ಗೊತ್ತಾದ ಮೇಲೂ ಒಂದು ಸೀಸನ್ ನಡೆಸಿದರು. ಗಟ್ಟಿ ಹೆಂಗಸು.

ಬಳ್ಳಾರಿ ಪಿಟಿ ಮೇಡಂ:
ಡಿಗ್ರಿ ವಿಷಯ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಹೇಳುತ್ತೇನೆ ಸರ್. ‘ಆಡಿದರೆ ಓದು ಹಾಳು’ ಅನ್ನೋ ಅಪ್ಪಂದಿರು ಜಾಸ್ತಿ. ಇನ್ನು ಡೋನಟ್ ಇಲ್ಲಿ ಯಾರು ತಿನ್ನುತ್ತಾರೆ? ಕಾಲೇಜ್ ಡೇಗೆ ಒಗ್ಗರಣೆ-ಮಿರ್ಚಿ ಸ್ಟಾಲ್ ಹಾಕಲು ಪ್ರಿನ್ಸಿಪಾಲರನ್ನು ಕೇಳಬೇಕು.