ಹೈಸ್ಕೂಲು ತಂಡದ ‘ಇಂಡಿಯನ್ಸ್’ ಹೆಸರು, ಗರಿಗಿರೀಟದ ಲಾಂಛನ: ಶಾಲಾ ಮಂಡಳಿಯ ಮುಂದೆ ನಾನು ಏನು ಹೇಳಬೇಕು?

ಪ್ರಶ್ನೆ: ಜೋಳದ ಸೀಮೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಹದಿಮೂರು ವರ್ಷಗಳಿಂದ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಸಣ್ಣ ಊರಿನಲ್ಲಿದ್ದೇವೆ. ಊರಿಗೆ ಇರುವುದು ಒಂದೇ ಹೈಸ್ಕೂಲು, ಅದರ ತಂಡಗಳಿಗೆಲ್ಲ ‘ಇಂಡಿಯನ್ಸ್’ ಎಂದು ಹೆಸರು. ಜಿಮ್‌ನ ನೆಲದ ನಟ್ಟನಡುವೆ ಗರಿಗಳ ಕಿರೀಟ ತೊಟ್ಟ ನಾಯಕನೊಬ್ಬನ ಮುಖವನ್ನು ಬಿಡಿಸಿದ್ದಾರೆ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಒಬ್ಬ ಹುಡುಗ ಅದೇ ವೇಷದಲ್ಲಿ ಬಂದು ಕುಣಿಯುತ್ತಾನೆ. ನನ್ನ ಮಗಳು ಈ ವರ್ಷ ಒಂಬತ್ತನೆಯ ತರಗತಿಗೆ ಸೇರಿ, ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಕಳೆದ ತಿಂಗಳು ಸಹಪಾಠಿಯೊಬ್ಬ, ‘ನಿಜವಾದ ಇಂಡಿಯನ್ ನೀನೇ ತಾನೆ, ಮುಂದಿನ ಸಲ ವೇಷ ನೀನೇ ಹಾಕು’ ಎಂದನಂತೆ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ಅವಳೇ ಹೇಳಿದಳು. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ, ‘ಅಮ್ಮಾ, ನೆಲದ ಮೇಲಿರುವ ಆ ಮುಖ ಯಾರದು?’ ಎಂದು ಕೇಳಿದಳು. ನನ್ನಿಂದ ಉತ್ತರ ಕೊಡಲಾಗಲಿಲ್ಲ. ನಾನು ಊರಿನಲ್ಲಿ ಓದಿದ ಸಮಾಜ ಪಾಠದಲ್ಲಿ ‘ರೆಡ್ ಇಂಡಿಯನ್ನರು’ ಎಂಬ ಒಂದು ಸಾಲು ಇತ್ತು, ಅದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ.

ಈಗ ಶಾಲಾ ಮಂಡಳಿಯು ಹೆಸರನ್ನೂ ಲಾಂಛನವನ್ನೂ ಬದಲಿಸಬೇಕೇ ಎಂದು ಸಾರ್ವಜನಿಕರ ಅಭಿಪ್ರಾಯ ಕೇಳಲಿದೆ. ಒಬ್ಬೊಬ್ಬರಿಗೆ ಮೂರು ನಿಮಿಷ. ಹಳೆಯ ವಿದ್ಯಾರ್ಥಿಗಳು, ‘ನಾವು ಅವಮಾನ ಮಾಡುತ್ತಿಲ್ಲ, ಗೌರವಿಸುತ್ತಿದ್ದೇವೆ’ ಎನ್ನುತ್ತಾರೆ. ಅವರಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರೂ ಒಬ್ಬರು. ಅವರ ತಂದೆ, ಅವರು, ಅವರ ಮಗ, ಮೂರು ತಲೆಮಾರು ಅದೇ ಜರ್ಸಿ ತೊಟ್ಟು ಆಡಿದ್ದಾರೆ. ನನ್ನ ಯಜಮಾನರಿಗೆ ಆಪರೇಷನ್ ಆದ ಚಳಿಗಾಲದಲ್ಲಿ ದಿನವೂ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಹಿಮವನ್ನು ಬಾಚಿ ತೆಗೆದವರು ಅವರು. ನನ್ನ ಪ್ರಶ್ನೆಗಳು ಎರಡು. ಇದು ಗೌರವ ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆ? ಹೊರಗಿನಿಂದ ಬಂದ ನಮ್ಮಂಥವರಿಗೆ ಇದರಲ್ಲಿ ಮಾತನಾಡುವ ಅಧಿಕಾರವಿದೆಯೇ?

ಉತ್ತರ: ಅರ್ಬಾನಾದ ಹಳೆಯ ವಿದ್ಯಾರ್ಥಿ

ನಮಸ್ಕಾರ ಮೇಡಂ. ನಾನು ಅರ್ಬಾನಾ-ಷಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದವನು. ಅಲ್ಲಿಯ ತಂಡಗಳ ಲಾಂಛನವಾಗಿದ್ದ, ಗರಿಗಿರೀಟದ ವೇಷಧಾರಿ ‘ಚೀಫ್ ಇಲೈನಿವೆಕ್’ ಕೊನೆಯ ಬಾರಿ ಕುಣಿದ 2007ರ ಫೆಬ್ರವರಿ 21ರ ರಾತ್ರಿ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಿದ್ದೆ, ಅಕ್ಕಪಕ್ಕದಲ್ಲಿದ್ದವರು ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದೇನೆ. ನಿಮ್ಮ ನೆರೆಯವರ ಪ್ರೀತಿ ನಿಜವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಪ್ರೀತಿ ಯಾರ ಮೇಲಿನದು ಎಂದು ವಿಚಾರಿಸುತ್ತ ಹೋದರೆ, ಅಲ್ಲಿ ಎಂದೂ ಬದುಕಿಲ್ಲದ ಒಬ್ಬ ಮನುಷ್ಯ ಸಿಗುತ್ತಾನೆ.

ಇಲೈನಿವೆಕ್ ಎಂಬ ಹೆಸರಿನ ನಾಯಕ ಇತಿಹಾಸದಲ್ಲಿಲ್ಲ. ಅದು ಕಸ್ಕಾಸ್ಕಿಯಾ, ಪಿಯೋರಿಯಾ, ಕಹೋಕಿಯಾ ಮುಂತಾದ ಬುಡಕಟ್ಟುಗಳ ಒಕ್ಕೂಟದ ಹೆಸರು, ರಾಜ್ಯದ ಹೆಸರೂ ಅದರಿಂದಲೇ ಬಂದದ್ದು. 1926ರ ಅಕ್ಟೋಬರ್ 30ರಂದು ಫಿಲಡೆಲ್ಫಿಯಾದಲ್ಲಿ ನಡೆದ ಫುಟ್‌ಬಾಲ್ ಪಂದ್ಯದ ವಿರಾಮಕ್ಕಾಗಿ ಬ್ಯಾಂಡಿನ ಸಹಾಯಕ ನಿರ್ದೇಶಕರು ಕಲ್ಪಿಸಿದ ಪಾತ್ರ ಅದು. ಬಾಯ್ ಸ್ಕೌಟ್‌ನಲ್ಲಿ ಇಂಥ ಕುಣಿತ ಕಲಿತಿದ್ದ ಬಿಳಿಯ ವಿದ್ಯಾರ್ಥಿಯೊಬ್ಬ ಅದನ್ನು ಮೊದಲು ಆಡಿದ. ಇಲಿನಾಯ್ ಒಕ್ಕೂಟದ ಜನ ನದಿದಂಡೆಯ ಹಳ್ಳಿಗಳಲ್ಲಿ, ಜೊಂಡಿನ ಚಾಪೆ ಹೊದಿಸಿದ ಉದ್ದನೆಯ ಮನೆಗಳಲ್ಲಿದ್ದು ಮೆಕ್ಕೆಜೋಳ ಬೆಳೆಯುತ್ತಿದ್ದವರು. ಬೆನ್ನಿನವರೆಗೆ ಇಳಿಯುವ ಗರಿಗಿರೀಟ ಪಶ್ಚಿಮದ ಬಯಲಿನ ಲಕೋಟಾ ಮೊದಲಾದವರದು. 1982ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದ ಉಡುಗೆಯನ್ನೂ ಲಕೋಟಾ ಹಿರಿಯರೊಬ್ಬರಿಂದಲೇ ಕೊಂಡದ್ದು. ಅಂದರೆ ಹೆಸರು ಒಂದು ಜನಾಂಗದ್ದು, ಉಡುಗೆ ಇನ್ನೊಂದು ಜನಾಂಗದ್ದು, ಕುಣಿತ ಇಬ್ಬರದ್ದೂ ಅಲ್ಲ. ನಿಮ್ಮ ಶಾಲೆಯ ನೆಲದ ಮೇಲಿರುವ ಮುಖವೂ ಇದೇ ಅಚ್ಚಿನದಿರಬಹುದು.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಆ 1926ನೆಯ ಇಸವಿ. ಸರ್ಕಾರದ ಇಂಡಿಯನ್ ವ್ಯವಹಾರಗಳ ಆಯುಕ್ತ ಚಾರ್ಲ್ಸ್ ಬರ್ಕ್ 1921ರಲ್ಲೂ 1923ರಲ್ಲೂ ಮೂಲನಿವಾಸಿಗಳ ನೃತ್ಯ, ಆಚರಣೆಗಳನ್ನು ತಡೆಯುವ ಸುತ್ತೋಲೆಗಳನ್ನು ಹೊರಡಿಸಿದ್ದರು, ಆ ನೀತಿ 1934ರವರೆಗೆ ಬದಲಾಗಲಿಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಆರಂಭವಾದ ವಸತಿಶಾಲೆ ಮತ್ತು ಅದರ ಮಾದರಿಯ ಶಾಲೆಗಳಲ್ಲಿ ಮಕ್ಕಳ ತಲೆಗೂದಲು ಕತ್ತರಿಸಿ, ತಾಯ್ನುಡಿಯಾಡಿದರೆ ಶಿಕ್ಷಿಸುತ್ತಿದ್ದರು. ತಮ್ಮ ಮಣ್ಣಿನಲ್ಲಿ ತಮ್ಮ ಕುಣಿತ ಕುಣಿಯಲು ಆ ಜನರಿಗೆ ಅಡ್ಡಿಯಿದ್ದ ಕಾಲದಲ್ಲಿ, ಅವರ ವೇಷ ತೊಟ್ಟು ಕುಣಿದ ಬೇರೊಬ್ಬನಿಗೆ ಕ್ರೀಡಾಂಗಣ ತುಂಬ ಚಪ್ಪಾಳೆ ಬಿತ್ತು. ಇದನ್ನು ತಿಳಿದ ಮೇಲೆ ‘ಗೌರವ’ ಎಂಬ ಮಾತು ನನ್ನ ಬಾಯಿಂದ ಸುಲಭವಾಗಿ ಹೊರಡುವುದಿಲ್ಲ.

ಆ ಜನ ಈಗಲೂ ಇದ್ದಾರೆ, ಇಲಿನಾಯ್‌ನಲ್ಲಿ ಅಲ್ಲ. 1832ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟು ಕ್ಯಾನ್ಸಸ್‌ಗೆ, 1867ರ ಒಪ್ಪಂದದ ನಂತರ ಅಲ್ಲಿಂದಲೂ ಎದ್ದು ಇಂದಿನ ಒಕ್ಲಹೋಮಾಕ್ಕೆ ಹೋದವರ ವಂಶಸ್ಥರೇ ಪಿಯೋರಿಯಾ ಬುಡಕಟ್ಟು. ಅವರ ನಾಯಕರು ಮೊದಲು ಚೀಫ್ ಬಗ್ಗೆ ಆಕ್ಷೇಪವೆತ್ತಿರಲಿಲ್ಲವೆಂಬುದನ್ನೂ ಹೇಳಬೇಕು. ಆದರೆ 2000ದಲ್ಲಿ ಅವರ ಮಂಡಳಿಯು ಇದನ್ನು ನಿಲ್ಲಿಸಿರೆಂದು ನಿರ್ಣಯ ಮಾಡಿ ಕೇಳಿಕೊಂಡಿತು. ವಿಶ್ವವಿದ್ಯಾಲಯ ಆಗ ನಿಲ್ಲಿಸಲಿಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ 2005ರಲ್ಲಿ ಇಂಥ ಲಾಂಛನವಿರುವ ಸಂಸ್ಥೆಗಳು ತನ್ನ ಚಾಂಪಿಯನ್‌ಷಿಪ್ ಪಂದ್ಯಗಳನ್ನು ನಡೆಸುವಂತಿಲ್ಲ ಎಂದ ಮೇಲೆ ನಿಂತಿತು. ‘ಫೈಟಿಂಗ್ ಇಲೈನೈ’ ಎಂಬ ತಂಡದ ಹೆಸರು ಉಳಿಯಿತು.

ನಿಮ್ಮ ಮಗಳ ಪ್ರಶ್ನೆ ಓದಿದಾಗ ನನಗೆ ಶಾರ್ಲಿನ್ ಟೀಟರ್ಸ್ ನೆನಪಾದರು. ಸ್ಪೋಕೇನ್ ಬುಡಕಟ್ಟಿನ ಈ ಕಲಾವಿದೆ ಸ್ನಾತಕೋತ್ತರ ಓದಿಗೆಂದು ಅರ್ಬಾನಾಕ್ಕೆ ಬಂದು, ಇಬ್ಬರು ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ದಾಗ, ಚೀಫ್ ಕುಣಿಯುತ್ತಿದ್ದಂತೆ ಮಕ್ಕಳು ನಾಚಿಕೆಯಿಂದ ಕುಗ್ಗುವುದನ್ನು ಕಂಡರು. ಆಮೇಲೆ ಅವರು ಕ್ರೀಡಾಂಗಣದ ಹೊರಗೆ ಒಬ್ಬರೇ ಫಲಕ ಹಿಡಿದು ನಿಂತರು. ಮುಂದಿನ ಚಳವಳಿಗೆ ಅದೇ ಮೊದಲಾಯಿತು. ಅವರು ಕಣ್ಣಾರೆ ಕಂಡದ್ದನ್ನು ಮನಶ್ಶಾಸ್ತ್ರಜ್ಞೆ ಸ್ಟೆಫನಿ ಫ್ರೈಬರ್ಗ್ ಮತ್ತು ಸಂಗಡಿಗರ 2008ರ ಅಧ್ಯಯನ ಪ್ರಯೋಗದಿಂದ ತೋರಿಸಿತು. ಇಂಥ ಚಿತ್ರಗಳನ್ನು ನೋಡಿದ ಮೂಲನಿವಾಸಿ ವಿದ್ಯಾರ್ಥಿಗಳಿಗೆ ತಮ್ಮ ಬಗ್ಗೆ, ತಮ್ಮ ಸಮುದಾಯದ ಬಗ್ಗೆ ಇದ್ದ ಅಭಿಮಾನ ತಗ್ಗುತ್ತದೆ. ಚಿತ್ರ ಚೆನ್ನಾಗಿದೆ ಎಂದವರಲ್ಲೂ ತಗ್ಗುತ್ತದೆ.

ಉತ್ತರ: ಉತ್ತರ ಡಕೋಟಾದ ನಿವಾಸಿ

ಮೇಲಿನವರು ಹೇಳಿದ ಇತಿಹಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಸರನ್ನು ತೆಗೆಯುವ ರೀತಿಯೂ ಗಾಯ ಮಾಡಬಲ್ಲದು ಎಂಬುದನ್ನು ನಮ್ಮ ಊರಿನಲ್ಲಿ ಕಂಡಿದ್ದೇನೆ. ಗ್ರ್ಯಾಂಡ್ ಫೋರ್ಕ್ಸ್‌ನ ವಿಶ್ವವಿದ್ಯಾಲಯದ ತಂಡಗಳಿಗೆ ‘ಫೈಟಿಂಗ್ ಸೂ’ ಎಂಬ ಹೆಸರಿತ್ತು. 2001ರಲ್ಲಿ ತೆರೆದ ಐಸ್ ಹಾಕಿ ಕ್ರೀಡಾಂಗಣವನ್ನು ಕಟ್ಟಿಸಿಕೊಟ್ಟ ದಾನಿ, ಹೆಸರು ಬದಲಿಸಿದರೆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುವೆನೆಂದು ಪತ್ರ ಬರೆದು, ಕಟ್ಟಡದೊಳಗೆ ಸಾವಿರಾರು ಕಡೆ ಆ ಲಾಂಛನವನ್ನು ಕೂರಿಸಿದರು. ಅದು ಹಣದ ದರ್ಪ, ನಾನು ಸಮರ್ಥಿಸುವುದಿಲ್ಲ. ಆದರೆ ಎನ್‌ಸಿಎಎ ಜೊತೆಗಿನ ರಾಜಿಯ ಪ್ರಕಾರ ಹೆಸರು ಉಳಿಯಲು ರಾಜ್ಯದ ಎರಡೂ ಸೂ ಬುಡಕಟ್ಟುಗಳಾದ ಸ್ಪಿರಿಟ್ ಲೇಕ್ ಮತ್ತು ಸ್ಟ್ಯಾಂಡಿಂಗ್ ರಾಕ್‌ನವರ ಒಪ್ಪಿಗೆ ಬೇಕಾದಾಗ, ಸ್ಪಿರಿಟ್ ಲೇಕ್‌ನ ಜನರಲ್ಲಿ ಮತ ಹಾಕಿದ ಮೂವರಲ್ಲಿ ಇಬ್ಬರು 2009ರಲ್ಲಿ ಹೆಸರು ಉಳಿಯಲಿ ಎಂದರು. ಸ್ಟ್ಯಾಂಡಿಂಗ್ ರಾಕ್‌ನ ಮಂಡಳಿ ಒಪ್ಪಿಗೆ ಕೊಡಲಿಲ್ಲ. 2012ರಲ್ಲಿ ರಾಜ್ಯದ ಮತದಾರರೇ ಹೆಸರು ಕೈಬಿಡಲು ಬಹುಮತ ಕೊಟ್ಟರು, 2015ರಲ್ಲಿ ‘ಫೈಟಿಂಗ್ ಹಾಕ್ಸ್’ ಬಂತು. ತಮ್ಮ ಹೆಸರೆಂದು ಹೆಮ್ಮೆಪಟ್ಟ ಸ್ಪಿರಿಟ್ ಲೇಕ್‌ನ ಹಿರಿಯರಿಗೆ ಯಾರು ಉತ್ತರ ಹೇಳುತ್ತಾರೆ?

ಇನ್ನೊಂದು ಮಾತು. ವಾಷಿಂಗ್ಟನ್ ಫುಟ್‌ಬಾಲ್ ತಂಡದ ಹಳೆಯ ಹೆಸರಾದ ‘ರೆಡ್‌ಸ್ಕಿನ್ಸ್’ ಬಗ್ಗೆ 2004 ಮತ್ತು 2016ರಲ್ಲಿ ನಡೆದ ಎರಡು ದೊಡ್ಡ ಸಮೀಕ್ಷೆಗಳಲ್ಲಿ ಮೂಲನಿವಾಸಿಗಳೆಂದು ಹೇಳಿಕೊಂಡ ಹತ್ತರಲ್ಲಿ ಒಂಬತ್ತು ಮಂದಿ ಅದರಿಂದ ನೋವಿಲ್ಲ ಎಂದಿದ್ದರು. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ‘ಸೆಮಿನೋಲ್ಸ್’ ಹೆಸರಿಗೆ ಫ್ಲೋರಿಡಾದ ಸೆಮಿನೋಲ್ ಬುಡಕಟ್ಟೇ 2005ರಲ್ಲಿ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ಎಲ್ಲ ಹೆಸರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ನಿಮ್ಮ ನೆರೆಯವರನ್ನು ತಪ್ಪಿತಸ್ಥರಂತೆ ನಿಲ್ಲಿಸಬೇಡಿ ಎಂದಷ್ಟೇ ನನ್ನ ವಿನಂತಿ.

ಉತ್ತರ: ರಾಕಿ ಬೆಟ್ಟದ ಕನ್ನಡಿಗ

ಉತ್ತರ ಡಕೋಟಾದವರ ಕಳಕಳಿ ನ್ಯಾಯವಾದದ್ದೇ. ಆದರೆ ಆ ಎರಡು ಸಮೀಕ್ಷೆಗಳನ್ನೇ ಕೊನೆಯ ಮಾತೆಂದು ಹಿಡಿಯುವಂತಿಲ್ಲ. ಸಾವಿರಕ್ಕೂ ಹೆಚ್ಚು ಮೂಲನಿವಾಸಿಗಳ ಅಭಿಪ್ರಾಯ ಕೇಳಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನ ಇಂಥ ಹೆಸರುಗಳಿಂದ ನೋವಾಗುತ್ತದೆ ಎಂದರು. ತಮ್ಮ ಬುಡಕಟ್ಟಿನ ಆಚರಣೆಗಳಲ್ಲಿ ಹೆಚ್ಚು ತೊಡಗಿದವರಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು.

ಒಪ್ಪಿಗೆ ಎಂದರೆ ಏನೆಂದು ತಿಳಿಯಲು ಕೊಲರಾಡೊದ ಅರಾಪಹೋ ಹೈಸ್ಕೂಲನ್ನು ನೋಡಬೇಕು. ಅದರ ತಂಡದ ಹೆಸರು ‘ವಾರಿಯರ್ಸ್’, ಅಂದರೆ ಯೋಧರು. 1993ರಲ್ಲಿ ಶಾಲೆಯವರು ವಯೋಮಿಂಗ್‌ನ ವಿಂಡ್ ರಿವರ್ ಪ್ರದೇಶದಲ್ಲಿರುವ ಉತ್ತರ ಅರಾಪಹೋ ಬುಡಕಟ್ಟಿನೊಂದಿಗೆ ಒಪ್ಪಂದ ಮಾಡಿಕೊಂಡರು. ಹಳೆಯ ಲಾಂಛನ ಹೋಗಿ ಅರಾಪಹೋ ಕಲಾವಿದರೊಬ್ಬರು ಬರೆದ ಚಿತ್ರ ಬಂತು, ಮಕ್ಕಳ ಕಾಲು ಬೀಳಬಾರದೆಂದು ಜಿಮ್‌ನ ನೆಲದಿಂದ ಲಾಂಛನವನ್ನು ತೆಗೆದರು. ಬುಡಕಟ್ಟಿನ ಹಿರಿಯರು ಶಾಲೆಗೆ ಬರುತ್ತಾರೆ, ಶಾಲೆಯ ಮಕ್ಕಳು ವಿಂಡ್ ರಿವರ್‌ಗೆ ಹೋಗುತ್ತಾರೆ. ಆ ಮಕ್ಕಳು ಓಡಾಡುವ ನೆಲ ಒಂದು ಕಾಲಕ್ಕೆ ಅರಾಪಹೋ ಜನರದು. 1864ರ ನವೆಂಬರ್ 29ರಂದು ಸ್ಯಾಂಡ್ ಕ್ರೀಕ್‌ನಲ್ಲಿ ಶೈಯೆನ್ ಮತ್ತು ಅರಾಪಹೋ ಹೆಂಗಸರು, ಮಕ್ಕಳು, ಮುದುಕರನ್ನು ಸೈನಿಕರು ಕೊಂದದ್ದು ಇದೇ ರಾಜ್ಯದಲ್ಲಿ. 2021ರಲ್ಲಿ ಕೊಲರಾಡೊ ಸರ್ಕಾರಿ ಶಾಲೆಗಳಲ್ಲಿ ಇಂಥ ಲಾಂಛನಗಳನ್ನು ನಿಷೇಧಿಸಿ, ಪಾಲಿಸದಿದ್ದರೆ ತಿಂಗಳಿಗೆ 25,000 ಡಾಲರ್ ದಂಡವೆಂದು ಕಾನೂನು ಮಾಡಿದಾಗಲೂ ಬುಡಕಟ್ಟಿನೊಂದಿಗೆ ಒಪ್ಪಂದವಿರುವ ಶಾಲೆಗಳಿಗೆ ವಿನಾಯಿತಿ ಸಿಕ್ಕಿತು.

ಮೇಡಂ, ನಿಮ್ಮ ಮೂರು ನಿಮಿಷದಲ್ಲಿ ಇದನ್ನೊಂದು ಕೇಳಿದರೆ ಸಾಕು: ನಮ್ಮ ಶಾಲೆ ಯಾವ ಬುಡಕಟ್ಟಿಗಾದರೂ ಎಂದಾದರೂ ಒಂದು ಪತ್ರ ಬರೆದಿದೆಯೇ? ಗೌರವ ಪಡೆಯಬೇಕಾದವರನ್ನು ಕೇಳದೆ ಕೊಟ್ಟ ಗೌರವ ಕೊಟ್ಟವರ ಸಂತೋಷಕ್ಕಷ್ಟೇ ಆಗುತ್ತದೆ.

ಉತ್ತರ: ಉಡುಪಿಯ ಓದುಗಾರ್ತಿ

ಅಕ್ಕ, ನಾನು ಅಮೆರಿಕ ನೋಡಿದವಳಲ್ಲ. ಆದರೆ ಗರಿಗಿರೀಟದ ಮಾತು ಬಂದಾಗ ನಮ್ಮ ಕಡೆಯ ದೈವದ ವೇಷದ ಅಣಿ (ಬೆನ್ನ ಹಿಂದೆ ಎತ್ತರಕ್ಕೆ ಕಟ್ಟುವ ಪ್ರಭಾವಳಿ), ಗಗ್ಗರಗಳು ಕಣ್ಣ ಮುಂದೆ ಬಂದವು. ಭೂತಕೋಲದಲ್ಲಿ ಅಣಿ ಕಟ್ಟಿಕೊಳ್ಳುವವರು, ಕಾಲಿಗೆ ಗಗ್ಗರ ಹಾಕುವವರು ಅದಕ್ಕೆ ಹಕ್ಕಿರುವ ಸಮುದಾಯದವರು. ಅದರ ಹಿಂದೆ ವ್ರತವಿದೆ, ನೇಮವಿದೆ. ಇತ್ತೀಚಿನ ವರ್ಷಗಳಲ್ಲಿ ಶಾಲೆಯ ಛದ್ಮವೇಷದಲ್ಲಿ, ಮೆರವಣಿಗೆಯಲ್ಲಿ, ರೀಲ್ಸ್‌ಗಳಲ್ಲಿ ಯಾರು ಯಾರೋ ಆ ವೇಷ ಹಾಕಿದಾಗ ದೈವನರ್ತಕರು ನೊಂದುಕೊಂಡು ಬೇಡವೆಂದಿದ್ದಾರೆ. ವೇಷ ಹಾಕಿದವರು ಅಲ್ಲಿಯೂ ‘ನಮಗೆ ಭಕ್ತಿಯಿದೆ’ ಎಂದೇ ಹೇಳಿದ್ದು. ಹದ್ದಿನ ಗರಿಯನ್ನು ಅಮೆರಿಕದ ಬಯಲಿನ ಬುಡಕಟ್ಟಿನವರೂ ಯಾರ ತಲೆಗೂ ಸುಮ್ಮನೆ ಮುಡಿಸುವುದಿಲ್ಲ, ಮಾಡಿದ ದೊಡ್ಡ ಕೆಲಸಕ್ಕೆ ಪ್ರತಿಯಾಗಿ ಅದು ಒಲಿಯಬೇಕು. ಆ ಎರಡು ನಂಬಿಕೆಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ಬೇಡವೆಂದರೂ ಕೇಳದಿದ್ದಾಗ ಆಗುವ ನೋವನ್ನು ನಾವು ಬಲ್ಲೆವು ಎಂದಷ್ಟೇ.

ನಿಮ್ಮ ಎರಡನೆಯ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು: ಮೂಲನಿವಾಸಿಗಳ ಪರವಾಗಿ ಮಾತನಾಡುವ ಅಧಿಕಾರ ನಿಮಗಿಲ್ಲ, ಆದರೆ ಆ ಶಾಲೆಗೆ ಮಗಳನ್ನು ಕಳಿಸುವ ತಾಯಿಯಾಗಿ ಮಾತನಾಡುವ ಅಧಿಕಾರ ಪೂರ್ತಿಯಾಗಿ ಇದೆ. ‘ಇಂಡಿಯನ್’ ಎಂಬ ಹೆಸರನ್ನು ದಾರಿ ತಪ್ಪಿ ಬಂದ ನಾವಿಕರು ಆ ಜನರ ಮೇಲೆ ಹೊರಿಸಿದರು, ಐದು ಶತಮಾನಗಳ ಮೇಲೆ ಅದೇ ತಪ್ಪು ನಿಮ್ಮ ಮಗಳ ತಲೆಗೆ ಸುತ್ತಿಕೊಂಡಿದೆ. ಅವಳ ಅನುಭವವನ್ನು ಅವಳ ಒಪ್ಪಿಗೆ ಪಡೆದು ಹೇಳಿ.

ಪ್ರಶ್ನೆ ಕೇಳಿದವರ ಮರುಮಾತು: ಜೋಳದ ಸೀಮೆಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಇವನ್ನೆಲ್ಲ ಮಗಳಿಗೆ ಓದಿ ಹೇಳಿದೆ. ನೆಲದ ಮೇಲಿನ ಮುಖ ಯಾರದೂ ಅಲ್ಲ ಎಂದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಇಲ್ಲಿದ್ದವರು ಎಲ್ಲಿ ಹೋದರು ಎಂದು ಕೇಳಿದಳು. ಒಕ್ಲಹೋಮಾದ ಪಿಯೋರಿಯಾ ಜನರ ವಿಷಯ ಹೇಳಿದೆ. ಆಮೇಲೆ ಇಬ್ಬರೂ ಕೂತು ಓದಿದಾಗ ಪ್ರೇರಿ ಬ್ಯಾಂಡ್ ಪೊಟವಾಟಮಿ ಎಂಬ ಬುಡಕಟ್ಟಿನ ವಿಷಯವೂ ತಿಳಿಯಿತು. ಅವರ ನಾಯಕ ಷಬೆನೆ ನಂಟರನ್ನು ನೋಡಲು ಕ್ಯಾನ್ಸಸ್‌ಗೆ ಹೋಗಿದ್ದಾಗ, 1849ರಲ್ಲಿ, ಇಲಿನಾಯ್‌ನ ಡಿಕಾಲ್ಬ್ ಸೀಮೆಯ ಅವರ ಭೂಮಿಯನ್ನು ಸರ್ಕಾರ ಹರಾಜು ಹಾಕಿತ್ತು. ಅದರ ಒಂದು ಭಾಗಕ್ಕೆ 2024ರಲ್ಲಿ ಮತ್ತೆ ಬುಡಕಟ್ಟಿನ ನೆಲವೆಂಬ ಮಾನ್ಯತೆ ಸಿಕ್ಕಿದೆ. ಅದು ನಮ್ಮ ರಾಜ್ಯದಲ್ಲೇ ಇದ್ದರೂ ಹದಿಮೂರು ವರ್ಷಗಳಲ್ಲಿ ಆ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಮಂಡಳಿಯ ಮುಂದೆ ಎರಡು ವಿಷಯ ಹೇಳಲು ನಿಶ್ಚಯಿಸಿದ್ದೇನೆ. ಮತಕ್ಕೆ ಹಾಕುವ ಮೊದಲು ಈ ಎರಡೂ ಬುಡಕಟ್ಟುಗಳಿಗೆ ಪತ್ರ ಬರೆದು ಅವರ ಉತ್ತರವನ್ನು ಸಭೆಯಲ್ಲಿ ಓದಬೇಕು. ಉತ್ತರ ಬರುವವರೆಗೆ ವಿರಾಮದ ಕುಣಿತವನ್ನು ನಿಲ್ಲಿಸಿ, ನೆಲದ ಮೇಲಿನ ಮುಖವನ್ನು ಮುಚ್ಚಿಡಬೇಕು. ಹುಡುಗ ಆಡಿದ ಮಾತನ್ನು ಅವನ ಹೆಸರು ಹೇಳದೆ ತಾನೇ ಓದುವುದಾಗಿ ಮಗಳು ಹೇಳಿದ್ದಾಳೆ. ಉತ್ತರ ಡಕೋಟಾದವರ ಮಾತು ಮನಸ್ಸಿಗೆ ನಾಟಿದ್ದರಿಂದ, ಸಭೆಯಲ್ಲಿ ನನ್ನ ಮಾತು ಕೇಳುವ ಮೊದಲೇ ಪಕ್ಕದ ಮನೆಯವರಿಗೆ ವಿಷಯ ತಿಳಿದಿರಲಿ ಎಂದು ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಒಪ್ಪಿದೆನೆಂದೂ ಒಪ್ಪಲಿಲ್ಲವೆಂದೂ ಹೇಳದೆ, ಗೋಡೆಯ ಮೇಲಿದ್ದ ತಮ್ಮ ತಂದೆಯ ತಂಡದ ಫೋಟೊ ಇಳಿಸಿ ತೋರಿಸಿದರು. ಪತ್ರವನ್ನು ಕಳಿಸುವ ಮುನ್ನ ತಮಗೊಮ್ಮೆ ಓದಲು ಕೊಡಬೇಕೆಂದು ಕೇಳಿದ್ದಾರೆ.